ನಡುಮನೆಯ ಸ್ವಿಚ್‌ಬೋರ್ಡಿನ ಸದ್ದು

ನಮ್ಮ ನಡುಮನೆಯ ಸ್ವಿಚ್‌ಬೋರ್ಡು ದಸರೆ ಕಳೆದ ಎರಡನೆಯ ವಾರದಿಂದ ಸದ್ದು ಮಾಡತೊಡಗಿತು. ಫ್ಯಾನಿನ ಸ್ವಿಚ್ಚು ಒತ್ತಿದರೆ ಮೊದಲು ಒಗ್ಗರಣೆಗೆ ಸಾಸಿವೆ ಸಿಡಿದಂತೆ ಒಂದು ಚಿರ್ರೆನ್ನುವ ಪೀಠಿಕೆ, ಆಮೇಲೆ ಗುಂಯ್ ಎಂಬ ದೀರ್ಘಾಲಾಪ. ಮೂವತ್ತು ವರ್ಷ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ, ಅನುಕರಣಾವ್ಯಯಕ್ಕೆ ಉದಾಹರಣೆ ಕೊಡಿ ಎಂದರೆ ಧಗಧಗ, ಚಟಚಟ ಎಂದು ಬರೆದವರಿಗೆಲ್ಲ ಧಾರಾಳವಾಗಿ ಅಂಕ ಹಂಚಿದ ನಾನು, ಈ ಸದ್ದನ್ನು ಅಕ್ಷರದಲ್ಲಿ ಹೇಗೆ ಹಿಡಿಯುವುದೆಂದು ಮೂರು ದಿನ ತಲೆ ಕೆಡಿಸಿಕೊಂಡೆ. ಅದನ್ನು ರಿಪೇರಿ ಮಾಡಿಸಬೇಕು ಎನ್ನುವುದು ನಾಲ್ಕನೆಯ ದಿನ ಹೊಳೆಯಿತು. ಭಾಷೆ ಕಲಿಸಿದವರ ಹಣೆಬರಹವೇ ಇಷ್ಟು.

ಹೊಳೆಯಲು ತಡವಾದದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಮನೆಯಲ್ಲಿ ವಿದ್ಯುತ್ತು, ನಲ್ಲಿ, ಗ್ಯಾಸು ಇತ್ಯಾದಿ ಪಂಚಭೂತಗಳ ಖಾತೆ ಶಾರದಮ್ಮನವರದು. ಅಡಿಗೆ, ಹಬ್ಬ, ಹರಟೆ ನನ್ನವು. ಶಾರದಮ್ಮ ಅದೇ ಶಾಲೆಯಲ್ಲಿ ವಿಜ್ಞಾನದ ಮೇಡಂ ಆಗಿ ನಿವೃತ್ತರಾದವರು. ಆಕೆ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವರು, ನಾನು ಇಲ್ಲೇ ಮತ್ತೋಡಿನವಳು. ಇಬ್ಬರೂ ಮದುವೆಯ ಗೋಜಿಗೆ ಹೋಗದೆ, ಹೊಸದುರ್ಗದ ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದೆವು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆಯಲಿಲ್ಲ. ಸಿಟ್ಟು ಬಂದಾಗಲೂ "ಸುಮ್ಕಿರ್ರಿ ಸಾಕು" ಎಂದೇ ಜಗಳವಾಡಿದೆವು.

ಹೋದ ವರ್ಷ ಆಕೆಯ ಅತ್ತಿಗೆಗೆ ಮೊಣಕಾಲಿನ ಆಪರೇಷನ್ ಆಯಿತು. ಎರಡು ತಿಂಗಳು ಇದ್ದು ಬರುತ್ತೇನೆಂದು ಶಾರದಮ್ಮ ಒಂದು ಚೀಲ ಹಿಡಿದು ಹಿರಿಯೂರಿನ ಬಸ್ಸು ಹತ್ತಿದರು. ಅತ್ತಿಗೆಯ ಬಲಮೊಣಕಾಲಾದ ಮೇಲೆ ಎಡಮೊಣಕಾಲು; ಎಡದ್ದು ಮುಗಿದ ಮೇಲೆ ಅಣ್ಣನ ಬಿಪಿ. ಹೀಗೆ ಎರಡು ತಿಂಗಳು ಆರಾದಾಗ ನಾನು ಫೋನಿನಲ್ಲಿ, "ನೀವು ಅಲ್ಲೇ ಇದ್ದುಬಿಡ್ರಿ, ಇಲ್ಲಿ ನಿಮ್ಮಿಂದ ಆಗಬೇಕಾದ್ದು ಏನೂ ಇಲ್ಲ" ಎಂದುಬಿಟ್ಟೆ. ಬೇಗ ಬನ್ನಿ ಎನ್ನುವುದನ್ನೇ ನಾನು ಹಾಗೆ ಹೇಳಿದ್ದು. ಸಾಹಿತ್ಯದವರು ಯಾರಾದರೂ ಆಗಿದ್ದರೆ ಅರ್ಥವಾಗುತ್ತಿತ್ತು. ಆಕೆ ವಿಜ್ಞಾನದವರು, ಹೇಳಿದ್ದನ್ನು ಹೇಳಿದ ಹಾಗೆಯೇ ತೆಗೆದುಕೊಂಡು, "ಆಯ್ತು ಬಿಡ್ರಿ" ಎಂದು ಫೋನಿಟ್ಟರು. ಅಲ್ಲಿಂದ ಐದು ತಿಂಗಳು ಆಕೆಯೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಮೊದಲು ಯಾರು ಮಾಡಬೇಕೆಂಬುದು ನನಗೆ ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ.

ಅಂಥ ಹೊತ್ತಿನಲ್ಲಿ ಈ ಬೋರ್ಡು ಬಾಯಿ ಬಿಟ್ಟದ್ದು. ಮೊದಲು ನೆರೆಯವರ ಬೋರ್‌ವೆಲ್ ಮೋಟರಿನ ಮೇಲೆ ಗುಮಾನಿಪಟ್ಟೆ. ಗೋಡೆಗೆ ಕಿವಿಯಿಟ್ಟು ಹಲ್ಲಿಯೊಂದನ್ನು ವಿನಾಕಾರಣ ಆಪಾದಿಸಿದೆ. ಹಳೆಯ ರೇಡಿಯೊಗೆ ಮಾಡುತ್ತಿದ್ದಂತೆ ಬೋರ್ಡಿನ ಪಕ್ಕ ಅಂಗೈಯಿಂದ ಎರಡು ಏಟು ಹಾಕಿದೆ. ಏಟಿಗೆ ಅದು ಕ್ಷಣಕಾಲ ಸುಮ್ಮನಾಗಿ, ಬೈಸಿಕೊಂಡ ವಿದ್ಯಾರ್ಥಿನಿಯಂತೆ ಸಣ್ಣ ದನಿಯಲ್ಲಿ ಮತ್ತೆ ಶುರುಮಾಡುತ್ತಿತ್ತು. ಓದುಗರೇ, ನಗಬೇಡಿ. ವಾರ ಕಳೆಯುವಷ್ಟರಲ್ಲಿ ನನಗೆ ಅದರ ರೂಢಿಯಾಗಿ, ರೂಢಿ ಸಲಿಗೆಯಾಗಿ, "ಇವತ್ತು ಉಪ್ಪಿಟ್ಟೇ ಸಾಕಲ್ಲವಾ?" ಎಂದು ಅದನ್ನು ಕೇಳುವ ಮಟ್ಟಕ್ಕೆ ಬಂದಿದ್ದೆ. ಅದು ಗುಂಯ್ ಎನ್ನುತ್ತಿತ್ತು. ನಾನು ಅದನ್ನು ಸಮ್ಮತಿಯೆಂದು ಭಾವಿಸಿ ರವೆ ಹುರಿಯಲು ಇಡುತ್ತಿದ್ದೆ. ಒಬ್ಬಳಿಗೆ ಅಡಿಗೆ ಮಾಡುವುದು ಎಷ್ಟು ಬೇಸರದ ಕೆಲಸವೆಂದು ಮಾಡಿದವರಿಗೇ ಗೊತ್ತು. ಅಳತೆ ಸಿಗುವುದಿಲ್ಲ, ಪಾತ್ರೆಗಳೆಲ್ಲ ದೊಡ್ಡವಾಗಿ ಕಾಣುತ್ತವೆ, ಮತ್ತು ಉಪ್ಪು ಹೆಚ್ಚಾಯಿತೆಂದು ಹೇಳುವವರು ಇರುವುದಿಲ್ಲ.

ಸುಟ್ಟ ವಾಸನೆ ಬರದಿದ್ದರೆ ಈ ಸಂಭಾಷಣೆ ಯುಗಾದಿಯವರೆಗೂ ನಡೆಯುತ್ತಿತ್ತೇನೋ. ಒಂದು ಬೆಳಿಗ್ಗೆ ವಾಸನೆ ಮೂಗಿಗೆ ಬಡಿದು, ಹೆದರಿ, ಕರೆಂಟ್ ಕೆಲಸದ ತಿಪ್ಪೇಸ್ವಾಮಿಗೆ ಹೇಳಿಕಳಿಸಿದೆ. ನಲವತ್ತರ ಗೃಹಸ್ಥ ಅವನು. ಅವನ ಇಬ್ಬರು ಅಕ್ಕಂದಿರೂ ನಮ್ಮ ಶಿಷ್ಯೆಯರಾದ್ದರಿಂದ ನಮ್ಮಿಬ್ಬರನ್ನೂ ಬಲ್ಲ. ಮೇನ್ ಆರಿಸಿ, ಸ್ಟೂಲು ಎಳೆದುಕೊಂಡು ಕೂತು, ತಿರುಪು ಬಿಚ್ಚಿ ಪ್ಲೇಟನ್ನು ಹೊರಕ್ಕೆ ಎಳೆದವನು ಒಳಗೆ ಟಾರ್ಚು ಬಿಟ್ಟ.

"ಮೇಡಂ, ಈ ಬೋರ್ಡಿಗೆ ಅಭಿಷೇಕ ಮಾಡಿದ್ರೇನ್ರಿ?" ಎಂದು ಕೇಳಿದ.

ನಾನು ಚಹಕ್ಕೆ ನೀರಿಡಲು ತಿರುಗಿದೆ.

"ಇಲ್ಲಿ ನೋಡ್ರಿ, ಭಸ್ಮ ಎಲ್ಲಾ ಒಳಗಿಳಿದು ಗಾರೆ ಆದಂಗೆ ಆಗೈತೆ. ವೈರಿನ ತುದಿ ಕಿಲುಬು ಹಿಡಿದು, ಸುಟ್ಟು ಕರ್ರಗಾಗೈತೆ. ಹಬ್ಬ ಆದ್ಮ್ಯಾಲೆ ನಾನು ನೋಡಿದ್ರಾಗೆ ಇದು ಮೂರನೇ ಮನೆ ಕಣ್ರಿ. ಶಾರದಮ್ಮ ಮೇಡಂ ಇದ್ದಿದ್ರೆ ಹಚ್ಚಾಕೆ ಬಿಡ್ತಿರಲಿಲ್ಲ."

ಇಲ್ಲಿ ಒಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ, ಈಗ ಹೇಳಿಬಿಡುತ್ತೇನೆ. ಆಯುಧಪೂಜೆಯ ದಿನ ನಮ್ಮ ಕಡೆಯ ಮನೆಗಳಲ್ಲಿ ಈಳಿಗೆಮಣೆಯಿಂದ ಹಿಡಿದು ಮಿಕ್ಸಿ, ನೀರಿನ ಮೋಟರು, ಸ್ಕೂಟರಿನವರೆಗೆ ದುಡಿಯುವ ಸಮಸ್ತ ವಸ್ತುಗಳೂ ಮೂರು ಬೆರಳಿನ ವಿಭೂತಿ ಧರಿಸುತ್ತವೆ. ಸ್ವಿಚ್‌ಬೋರ್ಡಿಗೂ ಆ ಭಾಗ್ಯ ಸಲ್ಲಬೇಕೆಂದು ನಾನು, ನೀರು ಸೋಕಿಸಕೂಡದೆಂದು ಶಾರದಮ್ಮ. ಇದು ಪ್ರತಿವರ್ಷದ ಜಗಳ. ಗೆಲ್ಲುತ್ತಿದ್ದವರು ಆಕೆಯೇ. ಬೋರ್ಡಿಗೆ ಒಂದು ಸೇವಂತಿಗೆಯನ್ನು ಟೇಪಿನಿಂದ ಅಂಟಿಸಿ, "ಶಿವ ಇಷ್ಟಕ್ಕೇ ಒಪ್ಕಂತಾನೆ, ನೀವೂ ಒಪ್ಕಳ್ರಿ" ಎನ್ನುತ್ತಿದ್ದರು. ಈ ಸಲ ತಡೆಯುವವರಿರಲಿಲ್ಲ. ವಿಭೂತಿ ಗಟ್ಟಿಯನ್ನು ಅಂಗೈಯ ನೀರಿನಲ್ಲಿ ಚೆನ್ನಾಗಿ ತೇಯ್ದು, ಬೆರಳಿನ ನೀರನ್ನು ಹಿಂಡದೆ, ಬೋರ್ಡಿನ ಈ ಅಂಚಿನಿಂದ ಆ ಅಂಚಿನವರೆಗೆ ಮೂರು ಪಟ್ಟೆ ಎಳೆದೆ. ಪಟ್ಟೆಯಿಂದ ನೀರು ಸ್ವಿಚ್ಚುಗಳ ಸಂದಿಗೆ ಇಳಿಯುವುದು ಕಾಣುತ್ತಿತ್ತು. ಇಳಿಯಲಿ ಎನಿಸಿತು. ಇಪ್ಪತ್ತೆರಡು ವರ್ಷಗಳ ಮೇಲೆ ಗೆದ್ದಿದ್ದೆ. ಗೆದ್ದವಳು ತಿರುಗಿ ನೋಡಿದರೆ ಸೋತವರು ಮನೆಯಲ್ಲಿರಲಿಲ್ಲ, ಹೋಳಿಗೆಗೆ ತುಪ್ಪ ಹಾಕಿಕೊಳ್ಳಲೂ ಮನಸ್ಸಾಗಲಿಲ್ಲ.

ತಿಪ್ಪೇಸ್ವಾಮಿ ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ, ಹೊಸ ಸ್ವಿಚ್ಚು ಕೂರಿಸಿ, ಪ್ಲೇಟಿನ ಭಸ್ಮವನ್ನು ಒಣಬಟ್ಟೆಯಿಂದ ಉಜ್ಜಿ ತೆಗೆದ. ಮೇನ್ ಹಾಕಿ ಸ್ವಿಚ್ಚು ಒತ್ತಿ, "ಈಗ ಉಸಿರೂ ಬಿಡಲ್ಲ ನೋಡ್ರಿ" ಎಂದ. ಬಿಡಲಿಲ್ಲ. ಚಹ ಕುಡಿದು ಹೊರಟವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಶಾರದಮ್ಮ ಮೇಡಮ್ಮಿಗೆ ನಾನು ಕೇಳ್ದೆ ಅಂತ ಹೇಳ್ರಿ" ಎಂದು ಹೇಳಿ ಹೋದ.

ಅವನು ಹೋದ ಮೇಲೆ ಮನೆಯಲ್ಲಿ ಆದ ನಿಶ್ಶಬ್ದವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಫ್ಯಾನು ತಿರುಗುತ್ತಿದೆ, ಗಾಳಿ ಬರುತ್ತಿದೆ, ಕ್ಯಾಲೆಂಡರಿನ ಹಾಳೆಗಳು ಅಲುಗುತ್ತಿವೆ. ಬೋರ್ಡು ಮಾತ್ರ ತನಗೂ ನನಗೂ ಪರಿಚಯವೇ ಇಲ್ಲವೆಂಬಂತೆ ಬೆಳ್ಳಗೆ ಕೂತಿದೆ. ಮಧ್ಯಾಹ್ನಕ್ಕೆ ಏನು ಮಾಡಲಿ ಎಂದು ಕೇಳಲು ಯಾರೂ ಇರಲಿಲ್ಲ. ನನಗೆ ಅಳು ಬಂತು. ಬೋರ್ಡಿಗಾಗಿ ಅಲ್ಲ ಎನ್ನುವಷ್ಟು ಬುದ್ಧಿ ನನಗೂ ಇದೆ.

ಒಬ್ಬರು ಇನ್ನೊಬ್ಬರನ್ನು ಕೇಳಿದೆನೆಂದು ಹೇಳಿಕಳಿಸಿದರೆ ಅದನ್ನು ತಲುಪಿಸದೆ ಇಟ್ಟುಕೊಳ್ಳುವುದು ಪಾಪವೆಂದು ನಮ್ಮಮ್ಮ ಹೇಳುತ್ತಿದ್ದಳು. ಆ ಪಾಪಭೀತಿಯನ್ನು ಮುಂದಿಟ್ಟುಕೊಂಡು ಫೋನು ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು. ತಿಪ್ಪೇಸ್ವಾಮಿಯ ಹೆಸರು ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು.

"ನಡುಮನೆ ಬೋರ್ಡು ಗುಂಯ್ ಅಂತೈತೆ ಕಣ್ರಿ" ಎಂದೆ.

ಆ ಕಡೆಯಿಂದ ಮೊದಲ ಮಾತೇ ಇದು: "ಭಸ್ಮ ಹಚ್ಚಿದ್ರಾ?"

"ಹಚ್ಚಿದೆ."

"ನೀರು ಹಿಂಡಿದ್ರೋ, ಹಂಗೇ ಬಳಿದ್ರೋ?"

"ಹಂಗೇ ಬಳಿದೆ. ನೀವು ಹೇಳಿದ್ದೇ ಸರಿ."

ಈ ಕೊನೆಯ ಮೂರು ಮಾತು ಹೇಳಲು ನನಗೆ ಐದು ತಿಂಗಳು ಹಿಡಿದಿತ್ತು. ಆಕೆ ಗೆದ್ದೆನೆಂದು ನಗಲಿಲ್ಲ. ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

"ಆ ಸ್ವಿಚ್ಚು ಮುಟ್ಟಬ್ಯಾಡ್ರಿ. ಯಾರನ್ನೂ ಕರೀಬ್ಯಾಡ್ರಿ, ಅದೂ ಇದೂ ಕಿತ್ತು ಹಾಳುಮಾಡ್ತಾರೆ. ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರ್ತೀನಿ. ಅಲ್ಲೀತನಕ ಫ್ಯಾನ್ ಇಲ್ದೆ ಇರ್ತೀರಾ?"

"ಇರ್ತೀನಿ ಬಿಡ್ರಿ" ಎಂದೆ.

ತಲೆಯ ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು. ಫೋನಿನಲ್ಲಿ ಅದರ ಗಾಳಿ ಕೇಳಿಸೀತೆಂದು, ಮಾತಾಡುತ್ತಲೇ ಎದ್ದು ಹೋಗಿ ಆರಿಸಿದೆ. ಅದು ಬುಧವಾರ. ಇವತ್ತು ಶುಕ್ರವಾರ, ಇನ್ನೂ ಹಾಕಿಲ್ಲ, ಸೊಳ್ಳೆಗಳಿಗೆ ಹಬ್ಬವಾಗಿದೆ. ಹೊಸ ಸ್ವಿಚ್ಚು ಹಳೆಯವುಗಳ ನಡುವೆ ಎದ್ದು ಕಾಣುತ್ತದೆ, ಆಕೆ ಒಳಗೆ ಬಂದ ತಕ್ಷಣ ಕಂಡುಹಿಡಿಯುತ್ತಾರೆ, ನಾನು ಸುಳ್ಳು ಹೇಳಿದ್ದು ಗೊತ್ತಾಗುತ್ತದೆ. ಗೊತ್ತಾಗಲಿ. ಗೊತ್ತಾಗುವುದಕ್ಕಾದರೂ ಆಕೆ ಬರಬೇಕಲ್ಲ.