ತೆಂಗಿನ ಮರದ ಬಿಳಿ ಹಕ್ಕಿ

ಐವರ್ನಾಡಿನ ನಮ್ಮ ತೆಂಗಿನ ಮರದಲ್ಲಿ ಕೂತಿದ್ದ ದೊಡ್ಡ ಬಿಳಿ ಹಕ್ಕಿಯನ್ನು ಮೊದಲು ಬೆಳ್ಳಕ್ಕಿ ಎಂದುಕೊಂಡೆ. ಅದು ಪೇರಳೆ ಹಣ್ಣನ್ನು ಕಾಲಲ್ಲಿ ಹಿಡಿದು, ಬಾಗಿದ ಕೊಕ್ಕಿನಿಂದ ತಿನ್ನತೊಡಗಿದಾಗ ಅನುಮಾನ ಬಂತು. ಆಸ್ಟ್ರೇಲಿಯಾದಲ್ಲಿ ನರ್ಸ್ ಆಗಿದ್ದು ರಜೆಗೆ ಬಂದಿದ್ದ ಅಕ್ಕನನ್ನು ಕರೆದೆ. ಅಷ್ಟರಲ್ಲಿ ಹಕ್ಕಿ ತಲೆಯ ಹಳದಿ ಗರಿಗಳನ್ನು ಬೀಸಣಿಗೆಯಂತೆ ಬಿಚ್ಚಿತು.

"ಇದು ಕಾಕಟೂ, ಆಸ್ಟ್ರೇಲಿಯಾದ ಬಿಳಿ ಗಿಳಿ. ಯಾರದ್ದೋ ಗೂಡಿಂದ ತಪ್ಪಿಸಿಕೊಂಡದ್ದು," ಎಂದಳು ಅಕ್ಕ. "ಅಲ್ಲಿ ಕಾಡಲ್ಲಿ ಇವು ಹಿಂಡಾಗಿಯೇ ಇರುದು."

ಹಕ್ಕಿ ಕರ್ಕಶವಾಗಿ ಕೂಗಿತು. ಉತ್ತರಕ್ಕೆ ಕಾದಂತೆ ಸುಮ್ಮನಾಗಿ, ಮತ್ತೆ ಕೂಗಿತು.

"ಎಂತ ಮಾಡುದು?"

"ಬಾಳೆಹಣ್ಣು ತೋರಿಸುವ. ಸಾಕಿದ ಹಕ್ಕಿ ಅಲ್ವಾ, ಇಳಿದು ಬಂದೀತು."

ನಾವಿಬ್ಬರೂ ಒಳಗೆ ಹೋದಾಗ ಹೊರಗೆ ಕಾಗೆಗಳ ಗದ್ದಲ ಕೇಳಿತು. ಹಣ್ಣು ತರುವಷ್ಟರಲ್ಲಿ ಅವು ಹಕ್ಕಿಯನ್ನು ರಬ್ಬರ್ ತೋಟದಾಚೆ ಅಟ್ಟಿದ್ದವು. ಕತ್ತಲಾಗುವವರೆಗೆ ಹುಡುಕಿದೆವು, ಸಿಗಲಿಲ್ಲ. ಗದ್ದಲ ಕೇಳಿದಾಗಲೇ ಒಬ್ಬರಾದರೂ ಮರದ ಬುಡಕ್ಕೆ ಹೋಗಿ ಕಾಗೆಗಳನ್ನು ಓಡಿಸಬೇಕಿತ್ತು ಎಂದು ಅಕ್ಕ ಈಗಲೂ ಹೇಳುತ್ತಾಳೆ.