ಬಳೆಗಾರ್ತಿ ಕೇಳಿದ ಸೇತುವೆ

ನಾನು ಮಾನ್ವಿಯಲ್ಲಿ ಪುರಸಭೆಯ ಎಂಜಿನಿಯರ್ ಆಗಿದ್ದಾಗ, ಹಳ್ಳದ ಹಳೆಯ ಸೇತುವೆಗಾಗಿ ಎಲ್ಲರಿಗಿಂತ ಹೆಚ್ಚು ದುಂಬಾಲು ಬಿದ್ದವಳು ಅದರ ಪಕ್ಕದಲ್ಲೇ ಬಳೆ ಮಾರುತ್ತಿದ್ದ ಮುದುಕಿ.

“ಸಾಹೇಬ್ರ, ಯಾರರ ಬಿದ್ದು ಸಾಯೋಕಿಂತ ಮೊದ್ಲ ರಿಪೇರಿ ಮಾಡಸ್ರಿ” ಎನ್ನುತ್ತಿದ್ದಳು.

ಸೇತುವೆ ಗಟ್ಟಿಯಾಯಿತು, ಅಗಲವೂ ಆಯಿತು. ಮೊದಲು ಇಕ್ಕಟ್ಟಿನಲ್ಲಿ ಬಸ್ಸು, ಟಂಟಂ ಆಟೋಗಳು ನಿಂತಾಗ ಹೆಂಗಸರು ಇಳಿದು ಅವಳ ಕೈಯಿಂದ ಬಳೆ ಇಡಿಸಿಕೊಳ್ಳುತ್ತಿದ್ದರು. ಈಗ ಯಾವ ಗಾಡಿಯೂ ಅಲ್ಲಿ ನಿಲ್ಲುತ್ತಿರಲಿಲ್ಲ. ಬಸ್ ನಿಲ್ದಾಣದ ಬಳಿ ಅವಳಿಗೆ ಜಾಗ ಹುಡುಕಿದೆ, ಸಿಗಲಿಲ್ಲ. ಅವಳು ರಾಯಚೂರಿನ ಮಗಳ ಮನೆ ಸೇರಿದಳು.

ಹೋದ ವರ್ಷ ಅಲ್ಲಿಯ ಮಾರ್ಕೆಟ್ಟಿನಲ್ಲಿ ಸಿಕ್ಕಳು.

“ಯವ್ವಾ, ವ್ಯಾಪಾರ ಹೆಂಗದ?” ಎಂದೆ.

“ಬಿಟ್ಟೀನ್ರಿ. ಸಾಲಿ ಹುಡುಗ್ರು ಈಗ ಆ ಸೇತುವಿ ಅಂಜದ ದಾಟ್ತಾವೇನ್ರಿ?”

“ದಾಟ್ತಾವ” ಎಂದೆ. ಅವಳ ಮುಖ ಅರಳಿತು.