ನಂಜಮ್ಮತ್ತೆಯ ಬಂಗಲೆ

ದೊಡ್ಡ ಮನೆಗಳೊಳಗೆ ಕಾಲಿಟ್ಟರೆ ನನ್ನ ಬೆನ್ನು ತಾನಾಗಿಯೇ ಬಾಗುತ್ತದೆ, ಬಾಗಿಲು ಎಷ್ಟೇ ಎತ್ತರವಿರಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದ್ದರ ಫಲವಿದು. ಹಳೇ ಕಂಬ ಕಂಡರೆ ಕೈ ಮುಗಿಯುತ್ತೇನೆ; ಬೋರ್ಡಿನಲ್ಲಿ ಬರೆದದ್ದೆಲ್ಲ ನನಗೆ ವೇದವಾಕ್ಯ.

ಮೊನ್ನೆ ಮಾಯಸಂದ್ರದ ಕಡೆ ಹಳೇ ಬಂಗಲೆಯೊಂದನ್ನು ಜನ ನೋಡಲು ತೆರೆದಿದ್ದಾರೆಂದು ಕೇಳಿ, ಸೋದರತ್ತೆ ನಂಜಮ್ಮನನ್ನು ಕರೆದುಕೊಂಡು ಹೋದೆ. ಮದುವೆಗೆ ಮುಂಚೆ ತಾನು ಅಲ್ಲಿ ಕೆಲಸಕ್ಕಿದ್ದೆ, ಅಲ್ಲಿನ ಅಟ್ಟವೆಲ್ಲ ತನ್ನ ಕೈಯಲ್ಲೇ ಇತ್ತು ಎಂದು ಅತ್ತೆ ಹೇಳುತ್ತಲೇ ಬಂದಿದ್ದಳು. ನಮ್ಮಲ್ಲಿ ಯಾರೂ ನಂಬಿರಲಿಲ್ಲ. ಯಾರಾದರೂ ಬುರುಡೆ ಬಿಟ್ಟರೆ "ನಂಜಮ್ಮತ್ತೆ ಬಂಗಲೆ" ಎಂದು ನಗುವುದು ಮನೆಯ ವಾಡಿಕೆ. ಎಂಬತ್ತು ದಾಟಿದ ಆಕೆಗೆ ಉಳಿದಿದ್ದ ಆಸೆ ಒಂದೇ, ತನ್ನ ಮಾತು ನಿಜವೆಂದು ಒಬ್ಬನಾದರೂ ಒಪ್ಪಬೇಕು.

ಮುಂದೆ ಗುಲಾಬಿ ತೋಟ, ಹಿಂದೆ ಹೊಂಗೆ ಹುಣಸೆಗಳ ದಟ್ಟ ತೋಪು. ಹುಲ್ಲಿನ ಮೇಲೆ 'ಕಾಲಿಡಬೇಡಿ' ಎಂಬ ಬೋರ್ಡು.

"ಎರಡು ಹಸ ಬುಟ್ರೆ ಬೋರ್ಡೇ ಬ್ಯಾಡ ಕಣ್ಲಾ," ಎಂದಳು ಅತ್ತೆ.

ಟೋಪಿ ಹಾಕಿದ ಗೈಡು ನಮ್ಮನ್ನೂ ಇನ್ನೊಂದು ಹತ್ತು ಜನರನ್ನೂ ಮಹಡಿ ಹತ್ತಿಸಿದ. ಬೆರಳು ತೂರುವಷ್ಟು ಸಂದು ಬಿಟ್ಟು ಹಲಗೆ ಜೋಡಿಸಿದ ನೆಲ. "ಇದು ನಾಟ್ಯಶಾಲೆ. ಕುಣಿಯೋರ ಕಾಲಿಗೆ ಗಾಳಿ ಬರ್ಲಿ ಅಂತ ಸಂದು ಬಿಟ್ಟವ್ರೆ," ಎಂದ. ಎಂಥ ಅಭಿರುಚಿ ಎಂದು ನಾನು ತಲೆದೂಗಿದೆ.

"ಯಾರಪ್ಪ ಹೇಳ್ದೋರು? ಇದು ಕಾಯಿ ಅಟ್ಟ ಕಣಪ್ಪ!"

"ಸುಮ್ನಿರತ್ತೆ, ಜನ ನೋಡ್ತಾರೆ," ಎಂದು ಪಿಸುಗುಟ್ಟಿದೆ. ಆ ಮಾತಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅತ್ತೆ ಸುಮ್ಮನಿರುವ ಪೈಕಿಯಲ್ಲ. "ಕೆಳಗಡೆ ಅಡುಗೆಮನೆ ಅಲ್ವಾ? ಒಲೆ ಬಿಸಿ ಈ ಸಂದಿನಾಗೆ ಮೇಲಕ್ಕೆ ಬರ್ಬೇಕು. ವರ್ಸ ಪೂರ್ತಿ ಕಾಯಿ ಇಲ್ಲೇ ಬಿದ್ದಿದ್ದು, ನೀರು ಇಂಗಿ, ಅಲ್ಲಾಡ್ಸಿದ್ರೆ ಗಡಗಡ ಅನ್ಬೇಕು. ಆಗ ಕೊಬ್ರಿ."

"ಸಾಕ್ಷಿ ಬೇಕಲ್ಲ ಅಜ್ಜಿ," ಎಂದು ಗೈಡು ನಕ್ಕ.

ಅತ್ತೆ ಮೂಲೆಯಲ್ಲಿ ಕೂತು, ತುರುಬಿನ ಹೇರ್‌ಪಿನ್ನು ಕಿತ್ತು ಸಂದಿಗೆ ತೂರಿಸಿ ಕೆದಕಿದಳು. ಕಂದು ಬಣ್ಣದ ಒಂದು ಹಿಡಿ ನಾರು ಮೇಲೆ ಬಂತು. ಅದನ್ನು ಎತ್ತಿ ಹಿಡಿದು ಕೇಳಿದಳು: "ಇದೇನಪ್ಪ, ಕುಣಿದೋರ ಗಡ್ಡವಾ?"

ಮಹಡಿಯೇ ಹಾರಿಹೋಗುವಂತೆ ಜನ ನಕ್ಕರು. ಗೈಡು ಟೋಪಿ ತೆಗೆದು ಬಗ್ಗಿ ನೋಡಿದ. "ಅಯ್ಯೋ, ಕಾಯಿ ಜುಂಗು! ದಬ್ಬೇಘಟ್ಟದಾಗೆ ನಮ್ಮನೇಲೂ ಇಂಥದ್ದೇ ಅಟ್ಟ ಐತೆ, ನಂಗೆ ಹೊಳೀಲೇ ಇಲ್ವಲ್ಲ!" ಅವನೊಬ್ಬನೇ ಏನು, ಅಲ್ಲಿದ್ದ ನಾವೆಲ್ಲ ಕಾಯಿ ಅಟ್ಟದ ಕೆಳಗೇ ಹುಟ್ಟಿ ಬೆಳೆದವರು. ಬಂಗಲೆ ಎಂದ ಕೂಡಲೇ ನಮ್ಮ ಕಣ್ಣಿಗೆ ನಾಟ್ಯಶಾಲೆ ಕಂಡಿತ್ತು.

ಮುಂದಿನ ತಂಡಕ್ಕೆ ವಿವರಿಸಿದವಳು ಅತ್ತೆಯೇ. ಗೈಡು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಜನ ಚಪ್ಪಾಳೆ ತಟ್ಟಿದಾಗ ಆಕೆ ಸೆರಗು ಸರಿಮಾಡಿಕೊಂಡು ನನ್ನತ್ತ ನೋಡಿದ ನೋಟವಿದೆಯಲ್ಲ, ಅಬ್ಬಾ! ನನಗಂತೂ ಕಣ್ಣು ತುಂಬಿತು.

ಹೊರಡುವಾಗ ಅಭಿಪ್ರಾಯದ ಪುಸ್ತಕ ಮುಂದಿಟ್ಟರು. ಅತ್ತೆ ಹೇಳಿದಳು, ನಾನು ಬರೆದೆ: "ಮನೆ ಚೆನ್ನಾಗೈತೆ. ಅಟ್ಟ ಗಟ್ಟಿಯಾಗೈತೆ. ಖಾಲಿ ಬುಡಬ್ಯಾಡಿ, ಕಾಯಿ ತುಂಬ್ಸಿ." ಅವಳ ಹೆಬ್ಬೆಟ್ಟು ಒತ್ತಿಸಿದೆ. ಕೆಳಗೆ ನನ್ನ ಸಹಿ ಹಾಕಿ, ಮಕ್ಕಳ ನೋಟ್‌ಬುಕ್ಕುಗಳ ಮೇಲೆ ಮೂವತ್ತು ವರ್ಷ ಪುಟ ತಿರುವದೆಯೇ ಬರೆಯುತ್ತಿದ್ದ ಮಾತನ್ನೇ ಬರೆದೆ: "ನೋಡಿದೆ. ಸರಿಯಿದೆ." ಈ ಸಲ ನಿಜವಾಗಿಯೂ ನೋಡಿದ್ದೆ.